ಬೆರಳಿಗಂಟದ ಹೊಗೆಸೊಪ್ಪು

ಹುಸೇನ್ ಎನಾಸ್ 1962ರಲ್ಲಿ ತೈಲವರ್ಣದಲ್ಲಿ ಬರೆದ ‘ಕೆಲಂತಾನಿನಲ್ಲಿ ಹೊಗೆಸೊಪ್ಪು ಕೀಳುವುದು’ ಮಲೇಷ್ಯಾದ ಹೆಸರಾಂತ ಚಿತ್ರಗಳಲ್ಲೊಂದು. ನೋಡಿದ ಕೂಡಲೇ ಹಿಡಿಸುತ್ತದೆ. ಮೈಬಣ್ಣದ ಮೇಲೆ, ಬಟ್ಟೆಯ ಮಡಿಕೆಗಳ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ಎನಾಸರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನನ್ನ ತಕರಾರು ಬೇರೆ. ಇಲ್ಲಿ ಬಿಸಿಲಿದೆ, ಬೆವರಿಲ್ಲ.

ಸೊಪ್ಪು ಮುರಿಯುವ ಕಷ್ಟ ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಗೊತ್ತು. ಬುಡದ ಎಲೆ ಮೊದಲು ಹಣ್ಣಾಗುವುದರಿಂದ ಶುರುವಿನ ದಿನಗಳಲ್ಲಿ ಬಗ್ಗಿದ ಸೊಂಟ ಎತ್ತುವಂತಿಲ್ಲ. ಎಲೆಯ ಅಂಟು ಬೆರಳಿಗೆ ಮೆತ್ತಿ ಕಪ್ಪಗಾಗುತ್ತದೆ. ಸೋಪು ಹಾಕಿ ತಿಕ್ಕಿದರೂ ಒಂದೇ ಸಲಕ್ಕೆ ಹೋಗದು, ತುತ್ತು ಬಾಯಿಗಿಟ್ಟರೆ ಕಹಿ. ಇಬ್ಬನಿಯಲ್ಲಿ ನೆಂದ ಸೊಪ್ಪನ್ನು ಹೊತ್ತರಂತೂ ತಲೆಸುತ್ತು, ವಾಕರಿಕೆ. ಎನಾಸರ ಚಿತ್ರದ ಹೆಂಗಸರು ಇದನ್ನೆಲ್ಲ ಕಂಡವರಂತಿಲ್ಲ.

ಪೋಲೆಂಡಿನ ಯೂಜೆಫ್ ಹೆಲ್ಮೊನ್‌ಸ್ಕಿ 1875ರಲ್ಲಿ ಬರೆದ ‘ಬಾಬ್ಯೆ ಲಾತೊ’ ಇದಕ್ಕೆ ತದ್ವಿರುದ್ಧ. ದನ ಕಾಯುವ ಹುಡುಗಿ ಹುಲ್ಲಿನ ಮೇಲೆ ಅಂಗಾತ ಮಲಗಿ, ಗಾಳಿಯಲ್ಲಿ ತೇಲಿಬಂದ ಜೇಡದ ನೂಲನ್ನು ಕೈಯೆತ್ತಿ ಹಿಡಿದಿದ್ದಾಳೆ. ಆ ಹೊತ್ತಿಗೆ ಅವಳು ಯಾವ ಕೆಲಸವನ್ನೂ ಮಾಡುತ್ತಿಲ್ಲ. ಆದರೆ ಬರಿಗಾಲಿಗೆ ಹತ್ತಿದ ಕೊಳೆ ಅವಳ ಬದುಕನ್ನೆಲ್ಲ ಹೇಳಿಬಿಡುತ್ತದೆ. ವಾರ್ಸಾದ ಆಗಿನ ವಿಮರ್ಶಕರಿಗೆ ಆ ಕಾಲನ್ನು ಸಹಿಸಲಾಗಲಿಲ್ಲ. ಇವತ್ತು ಅದೇ ಚಿತ್ರ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ!

ಎನಾಸರ ಪರವಾಗಿಯೂ ಮಾತಿದೆ. 1924ರಲ್ಲಿ ಜಾವಾದ ಬೋಗೋರಿನಲ್ಲಿ ಹುಟ್ಟಿ ಮಲಯಕ್ಕೆ ಬಂದ ಅವರು 1956ರಲ್ಲಿ ಅಲ್ಲಿನ ಮಲಯ್ ಕಲಾವಿದರನ್ನು ಒಟ್ಟುಗೂಡಿಸಿದರು. ಮರುವರ್ಷ ಸ್ವಾತಂತ್ರ್ಯ ಬಂತು. ಬ್ರಿಟಿಷರ ಕಣ್ಣಿಗೆ ಬರೀ ‘ನೇಟಿವ್’ ಆಗಿದ್ದ ಹಳ್ಳಿಯವರನ್ನು ದೊಡ್ಡ ಕ್ಯಾನ್ವಾಸಿಗೆ ತಂದು ಚೆಂದ ಕಾಣಿಸುವುದೂ ಆಗ ಒಂದು ರಾಜಕೀಯವೇ. ನಮ್ಮಲ್ಲೂ ಆ ಕಾಲದ ಕ್ಯಾಲೆಂಡರುಗಳ ತುಂಬ ನಗುವ ರೈತರೇ ಇದ್ದರಲ್ಲ.

ಆದರೆ ಕೆಲಂತಾನ್ ರಾಜ್ಯಕ್ಕೆ ಸಿಗರೇಟು ಕಂಪನಿಯವರು ವರ್ಜೀನಿಯಾ ಹೊಗೆಸೊಪ್ಪು ತಂದು ಬೆಳೆಸತೊಡಗಿ ಈ ಚಿತ್ರದ ಹೊತ್ತಿಗೆ ಇನ್ನೂ ಕೆಲವೇ ವರ್ಷ. ಕೊಳ್ಳುವವರು, ದರ ಕಟ್ಟುವವರು ಊರಾಚೆಯವರು. ಇಂಥ ಬೆಳೆಯನ್ನು ತಾತ ಮುತ್ತಾತರ ಕಾಲದಿಂದ ಬಂದ ಹಳ್ಳಿಯ ಸೊಬಗೆಂಬಂತೆ ತೋರಿಸಿದ್ದು ನನಗೆ ಒಪ್ಪಿಗೆಯಾಗದು. ಶೆಲ್ ಕಂಪನಿಗಾಗಿ ಅವರು ಬರೆದ ಮಲೇಷ್ಯನ್ನರ ಭಾವಚಿತ್ರಗಳಲ್ಲಿ ಇದೇ ನಯ ತೊಡಕೆನಿಸುವುದಿಲ್ಲ. ಅಲ್ಲಿರುವವರು ಚಿತ್ರಕ್ಕೆಂದೇ ಕೂತವರು. ಹೊಲದಲ್ಲಿ ದುಡಿಯುವವರನ್ನೂ ಹಾಗೆ ಕೂರಿಸಿದಂತೆ ಬರೆದದ್ದರಿಂದಲೇ ಈ ಚಿತ್ರ ಸೋಲುತ್ತದೆ.