ಒಂಟಿ ಫೈಲಿನ ಎಡಿಟರ್: ಉಳಿಯುವುದೇನು, ಕೆಡುವುದೇನು?

ಎಡಿಟರಿನ ಒಂದೇ ಒಂದು ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ, ಏನನ್ನೂ ಇನ್‌ಸ್ಟಾಲ್ ಮಾಡದೆ ಯಾರದೋ ಕಂಪ್ಯೂಟರಿನಲ್ಲಿ ಕೆಲಸ ಮುಗಿಸಿ ಬರುವ ರೂಢಿ ಹಳೆಯದು. ಚಿತ್ರದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಇದು ಷೋಕಿಯಲ್ಲ. ಕಾಲೇಜಿನ ಲ್ಯಾಬಿರಲಿ, ಡಿಟಿಪಿ ಅಂಗಡಿಯಿರಲಿ, ಅಲ್ಲಿನ ಯಂತ್ರ ನಮ್ಮದಲ್ಲ. ಇನ್‌ಸ್ಟಾಲ್ ಮಾಡುವ ಹಕ್ಕೂ ನಮಗಿಲ್ಲ. ಪೂರಕ ಫೈಲುಗಳಿಲ್ಲದೆ ಎಡಿಟರ್ ಎಷ್ಟು ದೂರ ನಡೆದೀತು ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಇದಕ್ಕೆ ಒಳ್ಳೆಯ ಉದಾಹರಣೆ ವಿಮ್. ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿ, 2023ರಲ್ಲಿ ತೀರಿಕೊಳ್ಳುವವರೆಗೂ ಪೋಷಿಸಿದ ಎಡಿಟರ್ ಇದು. ಪೂರ್ತಿ ಇನ್‌ಸ್ಟಾಲ್ ಮಾಡಿದರೆ 'ರನ್‌ಟೈಮ್' ಫೋಲ್ಡರಿನಲ್ಲಿ ನೂರಾರು ಫೈಲುಗಳು ಬಂದು ಕೂರುತ್ತವೆ. ಅವನ್ನೆಲ್ಲ ಬಿಟ್ಟು ಮುಖ್ಯ ಫೈಲೊಂದನ್ನೇ ಓಡಿಸಿದರೂ ವಿಮ್ ತೆರೆಯುತ್ತದೆ. ಪ್ರೋಗ್ರಾಮಿನ ಸಾಲುಗಳಿಗೆ ಬಣ್ಣ ಬರುವುದಿಲ್ಲ, ಸಹಾಯ ಪುಟ ಸಿಗುವುದಿಲ್ಲ, ಕಾಗುಣಿತ ಪರೀಕ್ಷೆಯೂ ಇಲ್ಲ. ಆದರೆ ಹುಡುಕುವುದು, ಬದಲಿಸುವುದು, ಮ್ಯಾಕ್ರೊ, ಒಂದೇ ಪರದೆಯಲ್ಲಿ ಎರಡು ಫೈಲು ತೆರೆಯುವುದು, ಇವೆಲ್ಲ ಮುಖ್ಯ ಫೈಲಿನೊಳಗೇ ಇವೆ. ಸಾವಿರಾರು ಸಾಲಿನ ಪಟ್ಟಿಯಲ್ಲಿ ಒಂದು ಹೆಸರನ್ನು ಎಲ್ಲ ಕಡೆ ತಿದ್ದಬೇಕಾದರೆ ಅಷ್ಟೇ ಸಾಕು.

ಒಂದು ತೊಡಕು ಮಾತ್ರ ಹೊಸಬರನ್ನು ಕಂಗೆಡಿಸುತ್ತದೆ. ಬಳಕೆದಾರರ ಸೆಟ್ಟಿಂಗ್ ಫೈಲ್ ಇಲ್ಲದಿದ್ದರೆ ವಿಮ್ ತನ್ನ ರೂಢಿಯ ಸೆಟ್ಟಿಂಗುಗಳನ್ನು ರನ್‌ಟೈಮ್ ಫೋಲ್ಡರಿನಿಂದಲೇ ಓದಿಕೊಳ್ಳುತ್ತದೆ. ಅದೂ ಇಲ್ಲವೆಂದಾಗ ಹಳೆಯ 'ವಿಐ' ಎಡಿಟರಿನ ನಡವಳಿಕೆಗೆ ಇಳಿಯುತ್ತದೆ. ಆಗ ತಪ್ಪು ತಿದ್ದಲು ಯು ಕೀಲಿ ಒತ್ತಿದರೆ ಕೊನೆಯ ಬದಲಾವಣೆ ರದ್ದಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಹಿಂದಿನ ಹೆಜ್ಜೆಗೆ ಹೋಗುವ ಬದಲು, ರದ್ದಾದದ್ದೇ ಮರಳಿ ಬರುತ್ತದೆ. ಮೊದಲೇ ಇದ್ದ ಅಕ್ಷರಗಳನ್ನು ಬ್ಯಾಕ್‌ಸ್ಪೇಸ್ ಅಳಿಸುವುದಿಲ್ಲ. ಇದನ್ನು ಸರಿಪಡಿಸಲು ನೂರಾರು ಫೈಲು ಬೇಕಿಲ್ಲ. ಹಳೆಯ ನಡವಳಿಕೆ ಬೇಡ, ಬ್ಯಾಕ್‌ಸ್ಪೇಸ್ ಎಲ್ಲವನ್ನೂ ಅಳಿಸಲಿ, ಎನ್‌ಕೋಡಿಂಗ್ ಯುಟಿಎಫ್-8 ಇರಲಿ ಎಂದು ಹೇಳುವ ಮೂರು ಸಾಲುಗಳನ್ನು ನಾವೇ ಬರೆದು ಜೊತೆಗಿಟ್ಟುಕೊಂಡರೆ ಸಾಕು.

ಕನ್ನಡಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ. ಯುನಿಕೋಡಿನಲ್ಲಿ 'ಚಿತ್ರದುರ್ಗ' ಎಂದರೆ ಹತ್ತು ಸಂಕೇತಗಳು. ಯುಟಿಎಫ್-8ರಲ್ಲಿ 30 ಬೈಟು. ಅವನ್ನು ಜೋಡಿಸಿ ತ-ಕಾರಕ್ಕೆ ರ-ಒತ್ತು, ಗ-ಕಾರಕ್ಕೆ ಅರ್ಕಾವೊತ್ತು ಕೂಡಿಸುವುದು ಫಾಂಟ್ ಮತ್ತು ಅಕ್ಷರ ಜೋಡಿಸುವ ತಂತ್ರಾಂಶ ಸೇರಿ ಮಾಡುವ ಕೆಲಸ. ಚೌಕಟ್ಟಿಗೊಂದು ಅಕ್ಷರ ಕೂರಿಸುವ ವಿಮ್‌ನ ಪರದೆಯಲ್ಲಿ ಒತ್ತಕ್ಷರಗಳು ಚದುರುತ್ತವೆ. ಕನ್ನಡ ಲೇಖನ ಬರೆಯಲು ವಿಮ್ ಪೂರ್ತಿ ಇದ್ದರೂ ಒಗ್ಗುವುದಿಲ್ಲ. ಆ ಕೆಲಸಕ್ಕೆ ವಿಂಡೋಸಿನದೇ ನೋಟ್‌ಪ್ಯಾಡ್ ಮೇಲು. ಆದರೂ ಪರದೆಯಲ್ಲಿ ಚದುರಿ ಕಂಡದ್ದು ಫೈಲಿನಲ್ಲಿ ಚದುರಿಲ್ಲ. ಅದೇ ಫೈಲನ್ನು ಮೊಬೈಲಿನಲ್ಲಿ ತೆರೆದರೆ ಚಿತ್ರದುರ್ಗ ಸರಿಯಾಗಿಯೇ ಓದಲು ಸಿಗುತ್ತದೆ.

ಇದನ್ನು ನುಡಿ ಫಾಂಟಿನ ಹಳೆಯ ಫೈಲುಗಳ ಪಕ್ಕದಲ್ಲಿಟ್ಟು ನೋಡಬೇಕು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಈ ಕನ್ನಡ ತಂತ್ರಾಂಶಗಳ ಋಣ ದೊಡ್ಡದು. ಪೇಜ್‌ಮೇಕರ್‌ಗೆ ಯುನಿಕೋಡ್ ತಿಳಿಯದಿದ್ದ ಕಾಲದಲ್ಲಿ ಕನ್ನಡದ ಮುದ್ರಣ ನಡೆದದ್ದು ಇಂಥ ಫಾಂಟುಗಳ ಬಲದಿಂದ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಇಂದಿಗೂ ನಮ್ಮ ಬೆರಳಲ್ಲಿದೆ. ಆದರೆ ಹಳೆಯ ನುಡಿ ಫೈಲಿನಲ್ಲಿ 'ಚಿ' ಎಂಬುದು ಇಂಗ್ಲಿಷಿನ ಚಿಕ್ಕ 'ಎ'. ಫಾಂಟ್ ಇದ್ದರಷ್ಟೇ ಅದು 'ಚಿ' ಆಗಿ ಕಾಣುತ್ತದೆ. ಹೊಳಲ್ಕೆರೆಯಲ್ಲಿ ಟೈಪು ಮಾಡಿಸಿದ ಪ್ರಬಂಧವನ್ನು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಗೋಜಲು. ಅದರಲ್ಲಿ 'ಹಿರಿಯೂರು' ಎಂದು ಹುಡುಕಿದರೆ ಸಿಗುವುದೂ ಇಲ್ಲ.

ಪೂರಕ ಫೈಲು ಇಲ್ಲದಾಗ ಕೆಡುವುದು ಬರೆಯುವವರ ಸೌಕರ್ಯವೋ, ಬರೆದದ್ದೋ? ಎಡಿಟರನ್ನು ಒರೆಗೆ ಹಚ್ಚಬೇಕಾದದ್ದು ಈ ಪ್ರಶ್ನೆಗೆ. ಬಣ್ಣವಿಲ್ಲದ ವಿಮ್‌ನಲ್ಲಿ ಕಣ್ಣಿಗೆ ಆಯಾಸವಾದೀತು, ಆದರೆ ಬರೆದದ್ದು ಮುಕ್ಕಾಗುವುದಿಲ್ಲ. ಹಳೆಯ ಫಾಂಟಿನ ಫೈಲಿನಲ್ಲಿ ಬರಹದ ಅರ್ಥವೇ ಬೇರೊಂದು ಫೈಲಿನ ಹಂಗಿನಲ್ಲಿದೆ. ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ; ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ 'ತುಂಗಾ' ಫಾಂಟೂ ಬಂತು. ಇಷ್ಟು ವರ್ಷಗಳ ಮೇಲೂ ಮನೆಯ, ಕಚೇರಿಯ ಕನ್ನಡವನ್ನು ಆ ಹಂಗಿನಲ್ಲಿ ಇಡಲು ಕಾರಣವಿಲ್ಲ.

ಪ್ರೋಗ್ರಾಮು, ಪಟ್ಟಿ, ಲಾಗ್ ಫೈಲು ತಿದ್ದುವವರು ಒಂಟಿ ವಿಮ್ ಮತ್ತು ಆ ಮೂರು ಸಾಲುಗಳನ್ನು ಧೈರ್ಯವಾಗಿ ಜೇಬಿನಲ್ಲಿಟ್ಟುಕೊಳ್ಳಲಿ. ಕನ್ನಡ ಬರೆಯುವವರು ಯಾವ ಎಡಿಟರನ್ನೇ ಹಿಡಿಯಲಿ, ಯುನಿಕೋಡಿನಲ್ಲಿ ಉಳಿಸಲಿ. ಹಳೆಯ ಫಾಂಟಿನಲ್ಲಿರುವ ಪ್ರಬಂಧ, ಸ್ಮರಣ ಸಂಚಿಕೆ, ಸ್ಥಳೀಯ ಚರಿತ್ರೆಗಳನ್ನು ಆ ಫಾಂಟುಗಳು ಕೈಗೆ ಸಿಗುವಾಗಲೇ ಪರಿವರ್ತಿಸಿ, ಅರ್ಕಾವೊತ್ತು ಸರಿಯಾಗಿ ಕೂತಿದೆಯೇ ಎಂದು ಓದಿ ನೋಡಿ ಇಟ್ಟುಕೊಳ್ಳಬೇಕು.