ಫ್ರೇಸರರ ಕೀಟಗ್ರಂಥ: ಗುಣದೋಷವಿಚಾರ

ಶಾಸ್ತ್ರಗ್ರಂಥವನ್ನು ಕಾವ್ಯವಿಮರ್ಶೆಯ ಒರೆಗಲ್ಲಿಗೆ ಹಚ್ಚಬಾರದೆನ್ನುವವರುಂಟು. ಆದರೆ ದಂಡಿಯು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿದ ಸ್ವಭಾವೋಕ್ತಿಯು ಪದಾರ್ಥಗಳ ರೂಪವನ್ನು ನಾನಾ ಅವಸ್ಥೆಗಳಲ್ಲಿ ಕಣ್ಣಿಗೆ ಕಟ್ಟುವಂತೆ ತೋರುವುದಷ್ಟೆ. ವಸ್ತುವರ್ಣನೆಯೇ ಉದ್ದೇಶವಾದ ಗ್ರಂಥವನ್ನು ಆ ಲಕ್ಷಣದಿಂದ ಅಳೆಯುವುದು ಅನ್ಯಾಯವಾಗಲಾರದು.

ಎಫ್. ಸಿ. ಫ್ರೇಸರರು ಭಾರತದ ಓಡೊನೇಟಾ ಕೀಟಗಳನ್ನು ಕುರಿತು 1933ರಿಂದ 1936ರೊಳಗೆ ಮೂರು ಸಂಪುಟಗಳನ್ನು ಪ್ರಕಟಿಸಿದರು. 1934ರ ಎರಡನೆಯ ಸಂಪುಟದಲ್ಲಿ ಗಾಂಫಿಡೀ ಕುಟುಂಬದ ವಿಚಾರವಿದೆ. ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆಯೆಂದು ಕರೆಯುವ ಕೀಟಗಳಲ್ಲಿ ಹೆಚ್ಚಾಗಿ ಹರಿಯುವ ನೀರನ್ನೇ ಆಶ್ರಯಿಸಿದ ಮನೆತನವಿದು. ಓಡೊನೇಟಾ ಎಂಬುದರ ಮೂಲವಾದ ಗ್ರೀಕ್ ಶಬ್ದವು ನಮ್ಮ ‘ದಂತ’ದ ಜ್ಞಾತಿ, ಗೂಟವೆಂಬರ್ಥದ ‘ಗಾಂಫೊಸ್’ ವೇದದ ‘ಜಂಭ’ದ ಬಂಧು. ಬೇಟೆಯಿಂದಲೇ ಬದುಕುವ ಪ್ರಾಣಿಗೆ ಹೆಸರಿನಲ್ಲಿ ಎರಡು ಸಲ ಹಲ್ಲು ಕೂಡಿಬಂದಿರುವುದು ಉಚಿತವೇ ಸರಿ.

ಮೊದಲು ಗುಣವನ್ನು ಹೇಳಬೇಕು. ಸೈನ್ಯದ ವೈದ್ಯರಾಗಿದ್ದ ಫ್ರೇಸರರು ಕೊಡಗಿನ ತೊರೆಗಳ ಬಳಿ ತಾವೇ ಕೀಟಗಳನ್ನು ಹಿಡಿದು ನೋಡಿದವರು. ಸತ್ತೊಡನೆ ಈ ಕೀಟಗಳ ಬಣ್ಣ ಮಾಸುವುದರಿಂದ, ಪೆಟ್ಟಿಗೆಯಲ್ಲಿ ಒಣಗಿದ್ದನ್ನು ಮಾತ್ರ ಕಂಡವನ ಬರಹಕ್ಕೂ ಇವರ ಬರಹಕ್ಕೂ ಬಹಳ ಅಂತರವಿದೆ. ಒಂದನ್ನೊಂದು ಮುಟ್ಟದೆ ದೂರವಿರುವ ಕಣ್ಣುಗಳು, ಕಪ್ಪಿನ ಮೇಲಣ ಹಳದಿ ಪಟ್ಟೆ, ಉದರದ 7ರಿಂದ 9ನೆಯ ಖಂಡಗಳು ಉಬ್ಬಿ ಗದೆಯಂತಾದ ಬಾಲ, ಹೆಣ್ಣಿನ ತಲೆಯನ್ನು ಹಿಡಿಯಲು ಗಂಡಿಗಿರುವ ಕೊಂಡಿ—ಇವುಗಳನ್ನು ಅವರು ಸಂಶಯಕ್ಕೆ ಎಡೆಯಿಲ್ಲದಂತೆ ವರ್ಣಿಸುವರು. ಜಾತಿನಿರ್ಣಯಕ್ಕೆ ಆ ಕೊಂಡಿಯೇ ಕೀಲಿಕೈ.

ಇನ್ನು ನ್ಯೂನತೆ. ವರ್ಣನೆಯ ಬಹುಭಾಗವು ರೆಕ್ಕೆ ಮೂಡಿದ ಅವಸ್ಥೆಗೇ ಮೀಸಲಾಗಿದೆ. ಆದರೆ ಆ ಅವಸ್ಥೆ ಕೆಲವೇ ವಾರಗಳದು. ಹೆಣ್ಣು ಹಾರುತ್ತಲೇ ಬಾಲದ ತುದಿಯನ್ನು ನೀರಿಗೆ ತಾಗಿಸಿ ಮೊಟ್ಟೆಗಳನ್ನು ಬಿಡುವುದು. ಮರಿಯು ತೊರೆಯ ಮರಳಿನಲ್ಲಿ ಹೂತುಕೊಂಡು ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ ಬಾಳುವುದು. ಗುದದ್ವಾರದಿಂದ ನೀರನ್ನು ಒಳಗೆಳೆದು ಅಲ್ಲಿರುವ ಕಿವಿರುಗಳಿಂದ ಉಸಿರಾಡುವುದು. ಭಯವಾದಾಗ ಆ ನೀರನ್ನೇ ರಭಸದಿಂದ ಹೊರದೂಡಿ ಮುಂದಕ್ಕೆ ಚಿಮ್ಮುವುದು. ಮಡಿಸಿಟ್ಟ ಕೆಳದುಟಿಯನ್ನು ಥಟ್ಟನೆ ಚಾಚಿ ಬೇಟೆಯನ್ನು ಹಿಡಿಯುವುದು. ಕಡೆಗೆ ದಡದ ಕಲ್ಲನ್ನೋ ಮರಳನ್ನೋ ಏರಿ, ಬೆನ್ನ ಚರ್ಮ ಬಿರಿದು ಹೊರಬರುವುದು. ಅನೇಕ ಜಾತಿಗಳ ಮರಿಯೇ ಅಂದು ತಿಳಿದಿರಲಿಲ್ಲವಾದುದರಿಂದ ಇದು ಗ್ರಂಥಕರ್ತರ ಅಪರಾಧವಲ್ಲ. ಆದರೂ ನಾನಾವಸ್ಥೆಗಳನ್ನು ಬೇಡುವ ಸ್ವಭಾವೋಕ್ತಿಯು ಇಲ್ಲಿ ಅರ್ಧಕ್ಕೇ ನಿಂತಿದೆಯೆನ್ನದೆ ವಿಧಿಯಿಲ್ಲ.

ಈ ಕೊರತೆ ಕನ್ನಡದಲ್ಲಿ ಇನ್ನೂ ಹಿರಿದಾಗಿದೆ. ‘ಚಿಟ್ಟೆ’ಯೆಂಬ ಮಾತೇ ದಾರಿ ತಪ್ಪಿಸುವುದು: ಚಿಟ್ಟೆಗಿರುವ ಕೋಶಾವಸ್ಥೆ ಇದಕ್ಕಿಲ್ಲ. ಅದನ್ನು ಬಿಟ್ಟು ‘ಗದಾಪುಚ್ಛ’ವೆಂಬಂಥ ಸಂಸ್ಕೃತಪದವನ್ನು ಹೊಸೆದರೂ ಬಾಲವನ್ನು ಹೇಳಿದಂತಾಯಿತೇ ಹೊರತು ಬಾಳನ್ನಲ್ಲ. ರೆಕ್ಕೆಯನ್ನಷ್ಟೇ ಬಲ್ಲವನಿಗೆ, ತೊರೆಯ ಮರಳನ್ನು ಗಾಡಿಗಟ್ಟಲೆ ತುಂಬಿ ಒಯ್ಯುವಾಗ ಒಂದು ಸಂತತಿಯೇ ಅದರೊಡನೆ ಹೋಗುತ್ತಿದೆಯೆಂಬುದು ಹೊಳೆಯದು. ಆಕಾಶದಲ್ಲಿ ನಾಲ್ಕು ಕೀಟ ಹಾರುತ್ತಿದ್ದರೆ ಎಲ್ಲವೂ ಕ್ಷೇಮವೆಂದೇ ಅವನ ಭಾವನೆ.

ಫ್ರೇಸರರ ಗ್ರಂಥವು ಗುರುತಿಸಲು ಇಂದಿಗೂ ಆಧಾರವಾಗಿದೆ; ಅದರಲ್ಲಿಯ ಎಷ್ಟೋ ಹೆಸರುಗಳು ಬದಲಾಗಿದ್ದರೂ ನೋಟ ಹಳತಾಗಿಲ್ಲ. ಅವರ ನಿಷ್ಠುರವಾದ ನೋಟವನ್ನು ನಮ್ಮ ಲೇಖಕರು ಕಲಿಯಲಿ. ಆದರೆ ವರ್ಣನೆಯನ್ನು ರೆಕ್ಕೆಯಿಂದಲ್ಲ, ಮರಳಿನಿಂದ ಆರಂಭಿಸಲಿ.