ರಾಮಾಜೀನಿಯ ಗ್ರಂಥದಲ್ಲಿ ಹೊಗೆಸೊಪ್ಪಿನ ಕೆಲಸಗಾರರು

ಇಟಲಿಯ ವೈದ್ಯನಾದ ಬರ್ನಾರ್ಡಿನೊ ರಾಮಾಜೀನಿಯು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿದ ಲ್ಯಾಟಿನ್ ಗ್ರಂಥದಲ್ಲಿ ಹೊಗೆಸೊಪ್ಪಿನ ಕೆಲಸಗಾರರಿಗೂ ಒಂದು ಅಧ್ಯಾಯವುಂಟು. ಎಲೆಯನ್ನು ಪುಡಿಮಾಡುವಾಗ ಏಳುವ ಧೂಳಿನಿಂದ ತಲೆನೋವು, ಓಕರಿಕೆಗಳುಂಟಾಗುವುವೆಂದು ಗ್ರಂಥಕರ್ತನು ಸರಿಯಾಗಿಯೇ ಗುರುತಿಸಿರುವನು. ರೋಗಿಯ ಕಸುಬೇನೆಂದು ವೈದ್ಯನು ಕೇಳಬೇಕೆಂಬುದು ಈತನ ಚಿರಸ್ಮರಣೀಯವಾದ ಉಪದೇಶ.

ಆದರೆ ಅಧ್ಯಾಯದ ದೃಷ್ಟಿಯು ಗಿರಣಿಯ ಒಣಧೂಳಿನಲ್ಲಿಯೇ ನಿಂತಿತು. ಹೊಲದಲ್ಲಿ ಹಸಿಯೆಲೆಯನ್ನು ಕೊಯ್ಯುವವನವರೆಗೆ ಸಾಗಲಿಲ್ಲ. ಎಲೆಯ ಮೇಲಣ ಇಬ್ಬನಿಯಲ್ಲಿಯೂ ಮಳೆನೀರಿನಲ್ಲಿಯೂ ಕರಗಿದ ನಿಕೋಟೀನು ಚರ್ಮದ ಮೂಲಕ ಒಳಸೇರಿ ವಾಂತಿ, ತಲೆಸುತ್ತು, ನಿಶ್ಶಕ್ತಿಗಳನ್ನುಂಟುಮಾಡುವುದು. ಈ ಬೇನೆಯು ವೈದ್ಯಸಾಹಿತ್ಯದಲ್ಲಿ ವರ್ಣಿತವಾದುದು 1970ರಲ್ಲಿ, ಅಮೆರಿಕದ ಫ್ಲಾರಿಡಾದ ಕೂಲಿಗಾರರನ್ನು ಕಂಡು. ಇಂದಿಗೂ ಇದನ್ನು ಬಿಸಿಲಿನ ಬಾಧೆಯೆಂದೋ ಕೀಟನಾಶಕದ ವಿಷವೆಂದೋ ಭ್ರಮಿಸುವುದುಂಟು. ಆದುದರಿಂದ ಕಸುಬಿನ ಹೆಸರನ್ನು ಕೇಳಿದರೆ ಸಾಲದು. ಆ ಕಸುಬಿನಲ್ಲಿ ಮೈಗೆ ತಾಗುವುದೇನೆಂದೂ ಕೇಳಬೇಕು.